ಬಾಕಿ ಉಳಿದ ಪೆಟ್ಟು

ಊರಿಗೆ ನುಗ್ಗುವ ಆ ಚಿಪ್ಪಿನ ಮೃಗಗಳ ಮೈಗೆ ಗುಂಡು ಹೊಡೆಯುವುದೂ ಒಂದೇ, ಗೋಡೆಗೆ ಕಡಲೆ ಎಸೆಯುವುದೂ ಒಂದೇ. ಅದಕ್ಕೇ ಅವನ್ನು ಕೊಲ್ಲುವ ದಳದವರು ಬಂದೂಕು ಮೂಲೆಗಿಟ್ಟು ಗೂಟ, ಸುತ್ತಿಗೆ ಹಿಡಿದಿದ್ದರು. ಹಗ್ಗದವರು ಕೊಕ್ಕೆ ಎಸೆದು, ಮುಂಗಾಲು ಬಿಗಿದು, ಮನೆಯೆತ್ತರದ ಮೃಗವನ್ನು ಮಂಡಿಯೂರಿಸಬೇಕು. ಆಗ ಇಬ್ಬರು ಬೆನ್ನು ಹತ್ತಬೇಕು. ಕತ್ತಿನ ಹಿಂದೆ ಚಿಪ್ಪುಗಳು ಕೂಡುವ ಸಂದಿಗೆ ಒಬ್ಬರು ಕಬ್ಬಿಣದ ಗೂಟ ಹಿಡಿಯಬೇಕು, ಇನ್ನೊಬ್ಬರು ಬಡಿಯಬೇಕು. ಗೂಟ ಹಿಡಿದವರಿಗೆ ಬೇರೇನನ್ನೂ ಹಿಡಿಯಲು ಕೈಯಿಲ್ಲ. ಅವರ ಜೀವ ಸುತ್ತಿಗೆಯವನ ಕೈಯಲ್ಲಿ.

ಈಗ ದಳದವರೆಲ್ಲ ಗೂಟದಕ್ಕ ಎನ್ನುವವಳ ತಮ್ಮನ ಜೀವ ಆಗ ಬಂಡೆಯ ಕೈಯಲ್ಲಿತ್ತು. ಬಂಡೆ ಎಂಬುದು ಆ ಸುತ್ತಿಗೆಯವನ ಅಡ್ಡಹೆಸರು. ಆಳು ಹಾಗಿದ್ದ, ಎದೆ ಹಾಗಿರಲಿಲ್ಲ. ಗೂಟ ಅರ್ಧ ಇಳಿದಾಗ ಮೃಗ ಮೈ ಕೊಡವಿತು. "ಇನ್ನೊಂದು ಹೊಡಿಯೋ!" ಎಂದು ತಮ್ಮ ಕೂಗಿದ. ಬಂಡೆ ಸುತ್ತಿಗೆ ಬಿಸಾಕಿ ಹಾರಿಕೊಂಡ. ತಮ್ಮ ಕೆಳಗೆ ಬಿದ್ದ. ಮೃಗ ಅವನನ್ನು ತುಳಿದು, ಅರ್ಧ ಗೂಟವನ್ನು ಕತ್ತಿನಲ್ಲಿಟ್ಟುಕೊಂಡೇ ಹೊರಟುಹೋಯಿತು. ಅಕ್ಕ ಕೆಳಗೆ ಹಗ್ಗ ಹಿಡಿದು ನಿಂತಿದ್ದಳು. ಎಲ್ಲವನ್ನೂ ನೋಡಿದಳು. ಮಾರನೆಯ ದಿನವೇ ತಮ್ಮನ ಜಾಗಕ್ಕೆ ಸೇರಿದಳು.

ವರ್ಷ ಕಳೆದ ಮೇಲೆ ಅದೇ ಮೃಗ ಮಾರುಕಟ್ಟೆ ಬೀದಿಗೆ ನುಗ್ಗಿತು. ಆಯುಧದ ಕೋಣೆಯಲ್ಲಿ ಹವಾಲ್ದಾರ ಕೇಳಿದ, "ನಿನ್ನ ಜೊತೆ ಯಾರನ್ನ ಹತ್ತಿಸ್ಲಮ್ಮಾ?"

"ಬಂಡೆನ."

"ತಲೆ ಕೆಟ್ಟಿದೆಯಾ? ಅವನೀಗ ಅಡುಗೆಮನೇಲಿ ಪಾತ್ರೆ ತಿಕ್ತಾನೆ."

"ತಿಕ್ಕಿ ತಿಕ್ಕಿ ಕೈ ಗಟ್ಟಿಯಾಗಿರತ್ತೆ. ಕರೀರಿ."

ಅವಳು ಗೂಟ ತೆಗೆದುಕೊಳ್ಳಲಿಲ್ಲ, ಒಂದು ಮಾರು ಹಗ್ಗ ಮಾತ್ರ ತೆಗೆದುಕೊಂಡಳು. ಹವಾಲ್ದಾರ ಹುಬ್ಬೇರಿಸಿದ.

"ಗೂಟ ಆಗ್ಲೇ ಅದರ ಕತ್ತಲ್ಲಿದೆ," ಎಂದಳು. "ನಾನು ಹಿಡೀಬೇಕಾಗಿರೋದು ಅವನನ್ನ."

ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ ಬಂಡೆ ಅವಳನ್ನು ಕಂಡು ಬಾಗಿಲಲ್ಲೇ ನಿಂತ. "ಬೇಡ ಅಕ್ಕಾ..."

"ಅಕ್ಕ ಅನ್ಬೇಡ. ಹಾಗನ್ನೋನನ್ನ ನೀನೇ ಸಾಯಿಸಿದೆ."

ಹಗ್ಗದವರು ಮೃಗವನ್ನು ತರಕಾರಿ ಅಂಗಡಿಗಳ ಮುಂದೆ ಮಂಡಿಯೂರಿಸಿದ್ದರು. ಅಕ್ಕ ಬಂಡೆಯನ್ನು ಮುಂದೆ ತಳ್ಳಿಕೊಂಡು ಬೆನ್ನು ಹತ್ತಿದಳು. ತುಕ್ಕು ಹಿಡಿದ ಗೂಟ ಹಾಗೇ ನೆಟ್ಟಿತ್ತು. ಹಗ್ಗದ ಒಂದು ತುದಿಯನ್ನು ಬಂಡೆಯ ಸೊಂಟಕ್ಕೆ ಸುತ್ತಿ ಬೆನ್ನ ಹಿಂದೆ ಬಿಗಿದಳು, ಇನ್ನೊಂದನ್ನು ಗೂಟದ ತಲೆಯ ಕೆಳಗೆ ಗಂಟು ಹಾಕಿದಳು.

"ಕಟ್ಬೇಡ, ನಿನ್ನ ಕಾಲು ಹಿಡ್ಕೋತೀನಿ! ಸತ್ತೇ ಹೋಗ್ತೀನಿ!"

"ಹೊಡಿ. ಅದು ಸಾಯದಿದ್ರೆ ನೀನು ಸಾಯ್ತೀಯ. ನನಗೆ ಎರಡೂ ಸರಿ."

ತಮ್ಮ ಕೂತಿದ್ದ ಜಾಗದಲ್ಲೇ ಕಾಲೂರಿ ಕೂತು, ಎರಡೂ ಕೈಯಲ್ಲಿ ಗೂಟ ಹಿಡಿದಳು. ಬಂಡೆ ಅಳುತ್ತಲೇ ಸುತ್ತಿಗೆ ಎತ್ತಿದ. ಅಷ್ಟರಲ್ಲಿ ಕೆಳಗೊಂದು ಹಗ್ಗ ಪಟ್ಟನೆ ಹರಿಯಿತು. ಮೃಗ ಎದ್ದು ಮೈ ಕೊಡವಿತು. ಬಂಡೆ ಅಂದಿನಂತೆಯೇ ನೆಲ ನೋಡಿ, ಸುತ್ತಿಗೆ ಹಿಡಿದುಕೊಂಡೇ ಹಾರಿದ. ಹಗ್ಗ ಅವನನ್ನು ಅರ್ಧದಲ್ಲೇ ಹಿಡಿದೆಳೆದು ಚಿಪ್ಪಿನ ಮೇಲೆ ಕುಕ್ಕಿತು.

"ಇನ್ನೊಂದು ಹೊಡಿಯೋ!" ಅಕ್ಕ ಕಿರುಚಿದಳು.

ತಮ್ಮನೂ ಅದನ್ನೇ ಕೂಗಿದ್ದ. ಬಂಡೆ ಮಂಡಿಯ ಮೇಲೆ ಎದ್ದು, ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಬಡಿದ. ಗೂಟ ತಲೆಯವರೆಗೂ ಇಳಿಯಿತು. ಹಳೇ ಗೋಡೆ ಕುಸಿದಂತೆ ಮೃಗ ಕುಸಿದುಬಿತ್ತು.

ಜನ ಕೇಕೆ ಹಾಕಿದರು. ಬಂಡೆ ಮಗುವಿನ ಹಾಗೆ ಬಿಕ್ಕಿದ. "ಹೊಡೆದ್ನಲ್ಲ! ಈಗಲಾದ್ರೂ ಕ್ಷಮಿಸು."

ಅಕ್ಕ ಎದ್ದು ನಿಂತಳು. ಕೈಲಾಗದವನು ಎಂದುಕೊಂಡು ಒಂದು ವರ್ಷ ಹೇಗೋ ಹಲ್ಲು ಕಚ್ಚಿಕೊಂಡಿದ್ದಳು. ಅವನ ಕೈಲಾಗುತ್ತಿತ್ತು. ಒಂದೇ ಪೆಟ್ಟು.

"ಅವತ್ತೂ ಹೊಡೀಬಹುದಿತ್ತು ನೀನು," ಎಂದಳು.

ಗಂಟು ಗೂಟದ ತಲೆಯ ಕೆಳಗೆ ಅಪ್ಪಚ್ಚಿಯಾಗಿ ಸಿಕ್ಕಿಕೊಂಡಿತ್ತು. ಮೇಲೆ ಹತ್ತಿ ಬಂದ ಹವಾಲ್ದಾರ ಹಗ್ಗ ಕೊಯ್ಯಲು ಚಾಕು ತೆಗೆದ. ಅವಳು ತಿರುಗಿ ನೋಡಿದಳು. ಅವನು ಚಾಕು ಜೇಬಿಗಿಟ್ಟ.

"ನನ್ನ ತಮ್ಮನ ಗೂಟ ಕಿತ್ತು ಕೊಡು," ಎಂದಳು ಬಂಡೆಗೆ. " ಗಂಟು ತಾನೇ ಬಿಚ್ಕೊಳ್ಳತ್ತೆ."

ಕೆಳಗಿಳಿದು ಅಂಗಡಿಯ ಜಗಲಿಯ ಮೇಲೆ ಕೂತಳು. ಮೇಲೆ ಬಂಡೆ ಗೂಟದ ಸುತ್ತ ಬರಿಗೈಯಲ್ಲಿ ಬಗೆಯತೊಡಗಿದ. ಅವಳು ಕಣ್ಣು ಕದಲಿಸಲಿಲ್ಲ.