ಒಂದೂವರೆ ತಾಸು

ನಸುಕಿನ ಫಜರ್ ಬಾಂಗಿನ ಹೊತ್ತಿಗೆ ಹಸನಬಿ ಕಣ್ಣುಮುಚ್ಚಿದಳು. ಲಕ್ವಾ ಹೊಡೆದು ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದ ಮುದುಕಿ. ಗಜೇಂದ್ರಗಡದಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಹಿರಿಮಗಳು ರಾಜಮಾ ತಾಯಿಯ ಗದ್ದಕ್ಕೆ ಬಟ್ಟೆ ಕಟ್ಟಿ, ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ, ಆಮೇಲೆ ಶಾರ್ಜಾದಲ್ಲಿದ್ದ ತಂಗಿ ಜಬೀನಳಿಗೆ ಫೋನು ಮಾಡಿದಳು.

ಮಣ್ಣಿಗೆ ತಡ ಮಾಡಬಾರದು. ಆದರೆ ಹೆಣ್ಣಿನ ಹೆಣಕ್ಕೆ ಕೊನೆಯ ಸ್ನಾನ ಮಾಡಿಸುವವರು ಹೆಣ್ಣುಮಕ್ಕಳೇ. ಆ ಸ್ನಾನಕ್ಕೆ ಜಬೀನ ಇರಲಿ ಎಂದು ಹಸನಬಿ ಹೋದ ವಾರ ತೊದಲುತ್ತ ಹೇಳಿದ್ದಳು. ದಿನಾ ಮೈ ಒರೆಸುವವಳ ಎದುರಿಗೇ ಹೇಳಿದ್ದಳು. ರಾಜಮಾ ಹೂಂ ಎಂದು ಒದ್ದೆ ಬಟ್ಟೆ ಹಿಂಡಿದ್ದಳು.

ಹತ್ತು ಗಂಟೆಯ ವಿಮಾನಕ್ಕೆ ಟಿಕೀಟು ಸಿಕ್ಕಿದೆ ಎಂದು ಜಬೀನ ತಿಳಿಸಿದಳು. ಟ್ರ್ಯಾಕ್ಸ್ ಜೀಪು ಓಡಿಸುವ ತಮ್ಮ ಜಹೀರ ಅಂಗಳದಲ್ಲೇ ಲೆಕ್ಕ ಹಾಕಿದ.

“ಗೋವಾಕ್ಕ ಎರಡ ಸಾವಿರ ಕಿಲೋಮೀಟರ್, ಮೂರ ತಾಸ. ಹತ್ತಕ್ಕ ಬಿಟ್ರ ಒಂದಕ್ಕ ಇಳೀತೈತಿ. ಹೊರಗ ಬರಾಕ ಒಂದ ತಾಸ, ರೋಡಿಗಿ ಆರ ತಾಸ. ರಾತ್ರಿ ಎಂಟಕ್ಕ, ಇಶಾ ನಮಾಜಿಗೆ ಮನ್ಯಾಗ ಇರ್ತಾಳ.”

“ಎರಡ ಸಾವಿರಕ್ಕ ಮೂರ ತಾಸ, ಇಷ್ಟ ದೂರಕ್ಕ ಆರ ತಾಸ. ನಿನ್ನ ಗಾಡಿಗೂ ರೆಕ್ಕಿ ಹಚ್ಚೋ ಮಾರಾಯಾ,” ಎಂದರು ಜಮಾತಿನ ಹಿರಿಯ ಕಾಶೀಂಸಾಬ. “ಆತು, ಇಶಾ ತನಕ ನಿಲ್ಲೂಣು. ಮುಂದ ಆಗೂದಿಲ್ಲ.”

ಶಾರ್ಜಾದ ಗಡಿಯಾರ ಇಲ್ಲಿಗಿಂತ ಒಂದೂವರೆ ತಾಸು ಹಿಂದೆ ಎಂಬುದು ರಾಜಮಾಗೆ ಗೊತ್ತಿತ್ತು. ಪ್ರತಿ ಶುಕ್ರವಾರ ಇಲ್ಲಿ ಮಧ್ಯಾಹ್ನದ ಜುಮಾ ನಮಾಜು ಮುಗಿದು ಗಂಡಸರು ಊಟಕ್ಕೆ ಕುಳಿತಾಗ ಜಬೀನ ಫೋನು ಮಾಡುವಳು, ಅಲ್ಲಿನ್ನೂ ಹನ್ನೆರಡು. ಜಹೀರ ಗದಗ ಬಸ್ಸಿನ ಹಾಗೆ ಒಂದೇ ಗಡಿಯಾರದಲ್ಲಿ ಎಣಿಸಿದ್ದ. ಅವಳು ತಿದ್ದಲಿಲ್ಲ.

ಮೂರೂವರೆಗೆ ಗೋವಾದಿಂದ ಫೋನು ಬಂತು. ಜಬೀನ ಈಗಷ್ಟೇ ಕಾರು ಹತ್ತಿದ್ದಳು.

“ಎಲ್ಲಿ ಬಂದಾಳಂತ?” ಕಾಶೀಂಸಾಬ ಕೇಳಿದರು. ಘಟ್ಟ ಹತ್ತಿದ್ದಾಳೆ ಎಂದು ಸುಳ್ಳು ಹೇಳಿದ್ದರೆ ಸಾಕಿತ್ತು.

“ಗೋವಾದಾಗ ಅದಾಳ್ರಿ ಚಾಚಾ. ಒಂಬತ್ತೂವರಿ, ಹತ್ತು ಆಗ್ತೈತಿ.”

ಜಹೀರ ತಲೆ ಕೆರೆದುಕೊಂಡ.

“ಹಂಗಾರ ಲಗೂ ತೊಳದಬಿಡ್ರಿ,” ಎಂದರು ಕಾಶೀಂಸಾಬ. “ಹೊತ್ತ ಮುಣಗೂದ್ರಾಗ, ಮಗರಿಬ್ ಮುಂಚೆ ಮಣ್ಣ ಮುಗಸೂಣು.”

“ತೊಳಿಯೂದು ನಮ್ಮ ಕೆಲಸ ಐತ್ರಿ,” ಎಂದಳು ರಾಜಮಾ. “ಅದಾದ ಮ್ಯಾಲೆ ನಿಮ್ಮದು. ಮುಂಜಾನಿ ಫಜರ್ ಆದ ಕೂಡ್ಲೆ ಒಯ್ಯರಿ.”

“ನಾಕ ವರ್ಷದಾಗ ಎರಡ ಸಲ ಬಂದಾಕಿ. ಅಕಿ ಸಲುವಾಗಿ ಇಷ್ಟ ಹಟಾನ?”

ಅವಳು ಬಾಗಿಲಲ್ಲಿ ನಿಂತೇ ಇದ್ದಳು. ತೊಳೆಯುವ ತನಕ ಒಳಗೆ ಬರುವ ಹಕ್ಕು ಹೊರಗಿನ ಗಂಡಸರಿಗಿರಲಿಲ್ಲ. ಜಹೀರ ಎದ್ದ. “ಮುಂಜಾನಿ ತನಕ ಅಮ್ಮಾನ ಇಡಾಕ ನಾ ಬರ್ಫ ತರ್ತೀನಿ ಆಪಾ,” ಎಂದು ಗಾಡಿ ತೆಗೆದ.

ಒಳಗೆ ನೆರೆಯವರು ಅಕ್ಕನೆಂದರೆ ಹೀಗಿರಬೇಕು ಎಂದರು. ರಾಜಮಾಗೆ ತಂಗಿಯ ಮೇಲೆ ಅಂಥ ಅಕ್ಕರೆಯೇನೂ ಉಕ್ಕಿರಲಿಲ್ಲ. ನಾಲ್ಕು ವರ್ಷ, ಎರಡೆರಡು ತಾಸಿಗೊಮ್ಮೆ, ಹಗಲೂ ಇರುಳೂ ಅವಳು ತಾಯಿಯನ್ನು ಮಗ್ಗುಲು ಹೊರಳಿಸಿದ್ದಳು. ಬೆನ್ನ ಮೇಲೆ ಒಂದು ಹುಣ್ಣಿಲ್ಲ, ಒಂದು ಕಲೆಯಿಲ್ಲ. ತಾಯಿ ಅದನ್ನು ಕಂಡಿರಲಿಲ್ಲ, ಗಂಡಸರು ಕಾಣುವಂತಿರಲಿಲ್ಲ. ಒಮ್ಮೆ ಕಫನದ ಬಿಳಿ ಬಟ್ಟೆ ಸುತ್ತಿದರೆ ಅದೂ ಮಣ್ಣಿಗೆ ಹೋಗುತ್ತಿತ್ತು.

ಸಂಜೆ ಘಟ್ಟ ಹತ್ತುವಾಗ ಜಬೀನ ಮತ್ತೆ ಕೇಳಿದಳು: “ತೊಳದ್ರೇನ ಆಪಾ?”

“ಇಲ್ಲ. ನೀ ಬಾ. ಅಮ್ಮಾನ ಬೆನ್ನಿಗೆ ನೀನ ನೀರ ಹಾಕು.”