ತುಳಜಾಳ ಮೊಣಕಾಲು

ಬೆಂಗಳೂರಿನ ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಲೀಗಿನ ಆರು ತಂಡಗಳು ಸರದಿಯ ಮೇಲೆ ಆಟಗಾರ್ತಿಯರನ್ನು ಆರಿಸಿಕೊಳ್ಳಲು ಕೂತಾಗ, ಎಲ್ಲಕ್ಕಿಂತ ಮೊದಲು ಕೂಗಿದ ಹೆಸರು ತುಳಜಾ ಲಮಾಣಿಯದು. ಇಡೀ ದೇಶದ ಹುಡುಗಿಯರಲ್ಲಿ ಮೊದಲನೆಯ ಆಯ್ಕೆ. ತುಳಜಾ ಎದ್ದು ನಿಂತಳು. ಹಿಂದಿನ ಸಾಲಿನ ಫೋಟೋದವರು ಅವಳಿಗೆ ಕೂಡಲು ಹೇಳಿದರು. ಅವರಿಗೆ ವೇದಿಕೆ ಕಾಣುತ್ತಿರಲಿಲ್ಲ.

ಆಗ ಅವಳಿಗೆ ಇಪ್ಪತ್ತು ವರ್ಷ. ಎತ್ತರ ಆರಡಿ ಎರಡಿಂಚು. ಮುಂಡಗೋಡ ತಾಲೂಕಿನ ಒಂದು ತಾಂಡಾದವಳು. ತಂದೆ ಲಾಲಪ್ಪ ಹಂಗಾಮಿನಲ್ಲಿ ಹಳಿಯಾಳದ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದ, ಉಳಿದ ದಿನ ಇದ್ದಷ್ಟು ಹೊಲದಲ್ಲಿ ಗೋವಿನಜೋಳ ಬೆಳೆಯುತ್ತಿದ್ದ. ಅವರ ವಂಶದಲ್ಲಿ ಅಷ್ಟೆತ್ತರದವರು ಯಾರೂ ಇರಲಿಲ್ಲ. ತಾಯಿ ಗೋಪಿಬಾಯಿಯನ್ನು ಯಾರಾದರೂ ಕೇಳಿದರೆ, "ನಾ ಏನೂ ಮಾಡಿಲ್ಲರೀ, ತಾನ ಬೆಳದಾಳ" ಎಂದು ತಪ್ಪಿಸಿಕೊಳ್ಳುತ್ತಿದ್ದಳು.

ಬಾಸ್ಕೆಟ್‌ಬಾಲ್ ತುಳಜಾಳಿಗೆ ಗಂಟುಬಿದ್ದದ್ದು ಎಂಟನೆಯ ತರಗತಿಯಲ್ಲಿ. ಮುಂಡಗೋಡದಲ್ಲಿ ತಾಲೂಕು ಕ್ರೀಡಾಕೂಟ ನಡೆದಿತ್ತು. ಅವಳು ಆಡಲು ಹೋದವಳಲ್ಲ, ಗೆಳತಿಯರ ಚಪ್ಪಲಿ ಕಾಯಲು ಹೋದವಳು. ಯಾರೋ ಹೊಡೆದ ಚೆಂಡು ಶಾಲೆಯ ತಗಡಿನ ಮಾಡಿನ ಮೇಲೆ ಸಿಕ್ಕಿಕೊಂಡಿತು. ಏಣಿ ತರಲು ಇಬ್ಬರು ಮಾಸ್ತರು ಓಡಿದರು. ತುಳಜಾ ತುದಿಗಾಲಲ್ಲಿ ನಿಂತು, ಕೈ ಚಾಚಿ, ಚೆಂಡು ತೆಗೆದು ಕೊಟ್ಟು, ಮತ್ತೆ ಚಪ್ಪಲಿಗಳ ಹತ್ತಿರ ಹೋಗಿ ಕೂತಳು. ಇದನ್ನು ಧಾರವಾಡದ ಕ್ರೀಡಾ ಹಾಸ್ಟೆಲಿನ ಕೋಚ್ ಶಾಂತಾದೇವಿ ನೋಡಿದರು. ಮರುವಾರ ಅವರು ತಾಂಡಾದಲ್ಲಿದ್ದರು.

"ಈಕಿಗೆ ಆಟ ಎಲ್ಲಿ ಬರ್ತೈತ್ರಿ?" ಎಂದ ಲಾಲಪ್ಪ.

"ಆಟ ಕಲಿಸಬಹುದು. ಎತ್ತರ ಕಲಿಸಾಕ ಬರಂಗಿಲ್ಲ" ಎಂದರು ಶಾಂತಾದೇವಿ.

ಆ ಮಾತಿನ ಎರಡನೆಯ ಅರ್ಧ ಮುಂದೆ ನಿಜವಾಯಿತು.

ಹಾಸ್ಟೆಲಿನಲ್ಲಿ ಅವಳ ಕೋಣೆಗೆ ಸಿಕ್ಕವಳು ಹಳಿಯಾಳದ ಸುಮಿತಾ. ಕಿರಾಣಿ ಅಂಗಡಿಯವರ ಮಗಳು. ಗಿಡ್ಡ, ಚುರುಕು, ನಿದ್ದೆಯಲ್ಲೂ ಚೆಂಡು ಪುಟಿಸುವ ಜಾತಿ. ಸುಮಿತಾ ಅಂಗಳದ ತುಂಬ ಓಡಿ, ಚೆಂಡನ್ನು ತಂದು ಮೇಲಕ್ಕೆ ಎಸೆಯುತ್ತಿದ್ದಳು. ಮೇಲೆ ತುಳಜಾಳ ಕೈ ಇರುತ್ತಿತ್ತು. ರಿಂಗಿನ ಹತ್ತಿರ ಅಷ್ಟೆತ್ತರದ ಇನ್ನೊಂದು ಕೈ ಇರುತ್ತಿರಲಿಲ್ಲವಾದ್ದರಿಂದ ಅವಳು ಅವಸರ ಮಾಡಬೇಕಾಗಿರಲಿಲ್ಲ. ಹೀಗೆ ರಾಜ್ಯ ಜೂನಿಯರ್ ಕಪ್ಪು ಬಂತು, ಮತ್ತೊಂದು ಬಂತು. ಪತ್ರಿಕೆಯವರು ತುಳಜಾಳ ಫೋಟೋ ಹಾಕಿದರು. ಸುಮಿತಾ ಫೋಟೋದಲ್ಲಿ ಇದ್ದಳು, ಆದರೆ ಅವಳ ತಲೆಯ ಮೇಲೆ ಪತ್ರಿಕೆಯ ಶೀರ್ಷಿಕೆ ಬಂದಿತ್ತು.

ಲೀಗಿನ ಆಯ್ಕೆಯ ದಿನ ತುಳಜಾಳನ್ನು ಪುಣೆಯ ತಂಡ ಮೊದಲು ಕೂಗಿತು. ಸುಮಿತಾಳನ್ನು ಮಂಗಳೂರಿನ ತಂಡ ಕೊನೆಯ ಸುತ್ತಿನಲ್ಲಿ, ಜನ ಊಟಕ್ಕೆ ಎದ್ದ ಮೇಲೆ ಕೂಗಿತು. ಪುಣೆಯ ಮಾಲೀಕರು ಮೈಕಿನಲ್ಲಿ ತುಳಜಾಳನ್ನು "ನಮ್ಮ ಗೋಪುರ" ಎಂದರು. ಮುಂಡಗೋಡದ ಬಸ್‌ಸ್ಟ್ಯಾಂಡಿನಲ್ಲಿ ಅಭಿನಂದನೆಯ ಫ್ಲೆಕ್ಸ್ ಎದ್ದಿತು. ಫ್ಲೆಕ್ಸ್ ಅಡ್ಡ ಇತ್ತು, ಫೋಟೋ ಉದ್ದ ಇತ್ತು. ಪ್ರಿಂಟಿಂಗಿನವನು ಫೋಟೋವನ್ನು ಎಳೆದು ಕೂರಿಸಿದ್ದರಿಂದ ಅದರಲ್ಲಿ ತುಳಜಾ ಗಿಡ್ಡಗೆ, ದಪ್ಪಗೆ, ತಾಲೂಕು ಪಂಚಾಯ್ತಿ ಸದಸ್ಯೆಯ ಹಾಗೆ ಕಂಡಳು. ಲಾಲಪ್ಪ ಅದರ ಕೆಳಗೆ ನಿಂತು ದಿನಾ ಚಹಾ ಕುಡಿದ.

ಮೊದಲ ಪಂದ್ಯದಲ್ಲಿ ಎದುರಿಗೆ ಪಂಜಾಬಿನ ಒಬ್ಬಳು ನಿಂತಳು. ತುಳಜಾ ಜೀವನದಲ್ಲಿ ಮೊದಲ ಸಲ ಇನ್ನೊಂದು ಹೆಣ್ಣಿನ ಕಣ್ಣನ್ನು ಕತ್ತು ಬಗ್ಗಿಸದೆ ನೋಡಿದಳು. ಅವಳಿಗೆ ಬಹಳ ಸಂತೋಷವಾಯಿತು. ನಕ್ಕಳು. ಆ ಹುಡುಗಿ ಅವಳ ಪಕ್ಕೆಗೆ ಮೊಣಕೈಯಿಂದ ತಿವಿದು ಚೆಂಡು ಕಸಿದುಕೊಂಡು ಹೋದಳು.

ಪಂದ್ಯದ ನಂತರ ಕೋಚ್ ಘಾಟಗೆ ಸರ್ ಮರಾಠಿಯಲ್ಲಿ ಸಾವಧಾನವಾಗಿ ತಿಳಿಸಿ ಹೇಳಿದರು. ಚೆಂಡು ಕೈಗೆ ಬಂದರೆ ರಿಂಗಿಗೆ ಹಾಕಬೇಕು, ಗೆಳತಿಯರಿಗೆ ಕೊಡಬಾರದು. ತುಳಜಾ ತಲೆಯಾಡಿಸಿದಳು. ಮುಂದಿನ ಪಂದ್ಯದಲ್ಲಿ ಚೆಂಡು ಬಂತು, ಗೆಳತಿಗೆ ಕೊಟ್ಟಳು. ಬೆಳಗ್ಗೆ ಬೇಗ ಎದ್ದು ಎಲ್ಲರಿಗಿಂತ ಹೆಚ್ಚು ಅಭ್ಯಾಸ ಮಾಡಿದಳು, ಹೇಳಿದ್ದನ್ನೆಲ್ಲ ತಿಂದಳು, ಭಾರ ಎತ್ತಿದಳು. ಅಭ್ಯಾಸದಲ್ಲಿ, ಎದುರಿಗೆ ಯಾರೂ ಇಲ್ಲದಾಗ, ಹಾಕಿದ್ದೆಲ್ಲ ಬೀಳುತ್ತಿತ್ತು. ಪಂದ್ಯದಲ್ಲಿ ಎದುರಿನವರು ಇರುತ್ತಿದ್ದರು. ಎರಡನೆಯ ವರ್ಷ ಅವಳು ಬೆಂಚಿನ ಮೇಲೆ ಕೂತಳು. ಅವಳ ಹಿಂದೆ ಕೂತವರು ಬೇರೆ ಕಡೆ ಜಾಗ ಕೇಳಿದರು. ಮೂರನೆಯ ವರ್ಷ ಪುಣೆಯವರು ಅವಳನ್ನು ಮಂಗಳೂರಿಗೆ ಕೊಟ್ಟು, ಬದಲಿಗೆ ಇಬ್ಬರನ್ನು ತೆಗೆದುಕೊಂಡರು. ಆ ಇಬ್ಬರ ಹೆಸರು ಯಾರೂ ಕೇಳಿರಲಿಲ್ಲ.

ಮಂಗಳೂರಿನ ತಂಡಕ್ಕೆ ಆ ಹೊತ್ತಿಗೆ ಸುಮಿತಾ ಕ್ಯಾಪ್ಟನ್. ಲೀಗಿನಲ್ಲಿ ಅವಳಿಗೆ ಸಮ ಇರಲಿಲ್ಲ. ತುಳಜಾಳನ್ನು ತರಿಸಿಕೊಂಡವಳೂ ಅವಳೇ. "ನನಗ ಆಕಿ ಕೈ ಎಲ್ಲಿರ್ತೈತಿ ಅಂತ ಕಣ್ಣು ಮುಚ್ಚಿದ್ರೂ ಗೊತ್ತಾಗತೈತಿ" ಎಂದು ಮಾಲೀಕರ ಜೊತೆ ಜಗಳವಾಡಿದ್ದಳಂತೆ.

ಸೆಮಿಫೈನಲಿನ ಕೊನೆಯ ಗಳಿಗೆ. ಮಂಗಳೂರು ಒಂದು ಪಾಯಿಂಟು ಹಿಂದೆ. ಸುಮಿತಾ ಎದುರಾಳಿಗಳನ್ನೆಲ್ಲ ತನ್ನ ಕಡೆ ಎಳೆದುಕೊಂಡು, ಅವರ ತಲೆಯ ಮೇಲಿಂದ ಚೆಂಡು ಎಸೆದಳು. ರಿಂಗಿನ ಕೆಳಗೆ ತುಳಜಾ ಒಬ್ಬಳೇ ಇದ್ದಳು. ಹತ್ತಿರ ಯಾರೂ ಇಲ್ಲ. ಅಭ್ಯಾಸದಲ್ಲಿದ್ದ ಹಾಗೆಯೇ. ಚೆಂಡು ಕೈಗೆ ಬಂತು. ತುಳಜಾ ಅದನ್ನು ನೋಡಿದಳು, ರಿಂಗನ್ನು ನೋಡಿದಳು, ಮತ್ತು ಸುಮಿತಾಳಿಗೆ ವಾಪಸು ಎಸೆದಳು. ಸುಮಿತಾಳ ಸುತ್ತ ಮೂರು ಜನ ಇದ್ದರು. ಪಂದ್ಯ ಮುಗಿದ ಸೀಟಿ ಕೇಳಿತು.

ಸುಮಿತಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಆ ತಿಂಗಳೇ ತಂಡ ತುಳಜಾಳನ್ನು ಬಿಡುಗಡೆ ಮಾಡಿತು. ಬೇರೆ ಯಾವ ತಂಡವೂ ಕರೆಯಲಿಲ್ಲ.

ಅವಳು ಚೀಲ ಹೊತ್ತು ಮುಂಡಗೋಡದಲ್ಲಿ ಇಳಿದಾಗ ಚಹಾದಂಗಡಿಯ ಉಳವಪ್ಪ ಓಡಿಬಂದು ಚೀಲ ಇಸಿದುಕೊಂಡ. "ಭಾರ ಹೊರಬ್ಯಾಡವಾ. ಮೊದಲ ಕಾಲ ನೋವು."

"ಯಾರ ಕಾಲರೀ?"

"ನಿಂದ. ಮೊಣಕಾಲ ಹೋಗೇತಿ ಅಂತ ನಿಮ್ಮಪ್ಪ ಹೇಳ್ಯಾನಲ್ಲ?"

ಲಾಲಪ್ಪ ಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. "ಮಂದಿ ಕೇಳ್ತಾರ ತುಳಜಾ. ಎಷ್ಟಂತ ಹೇಳ್ಲಿ? ಮೊಣಕಾಲ ಅಂದ್ಕೂಡಲೇ ಸುಮ್ಮನಾಗ್ತಾರ. ನಾಕ ದಿನ ಕುಂಟು. ನಿನಗೇನು ಖರ್ಚು?"

ತುಳಜಾ ಕುಂಟಿದಳು. ಯಾರಾದರೂ ಏನಾದರೂ ಕೇಳಿದರೆ ಇಲ್ಲವೆನ್ನುವುದು ಅವಳಿಗೆ ಬರುತ್ತಿರಲಿಲ್ಲ. ಸಂತೆಯಲ್ಲಿ ಹೆಂಗಸರು ನಿಲ್ಲಿಸಿ ಮೊಣಕಾಲು ಮುಟ್ಟಿ ನೋಡಿ ಲೊಚಗುಟ್ಟಿದರು. ಒಂದು ದಿನ ಗೋಪಿಬಾಯಿ ಅವಳನ್ನು ಬದಿಗೆ ಕರೆದು, "ಹೋದ ವಾರ ಎಡಗಾಲ ಇತ್ತು. ನೆನಪ ಇಟ್ಕೋ" ಎಂದಳು.

ತಾಂಡಾದ ಗಿರಿಜಾಬಾಯಿ ಗಿಡಮೂಲಿಕೆ ಹಾಕಿ ನೋವಿನ ಎಣ್ಣೆ ಕಾಯಿಸುತ್ತಿದ್ದಳು. ಅದುವರೆಗೆ ಅದನ್ನು ಹೆಚ್ಚಾಗಿ ಎತ್ತುಗಳಿಗೆ ಹಚ್ಚುತ್ತಿದ್ದರು. ಆಕೆ ಪ್ರೀತಿಯಿಂದ ಬಾಟಲಿ ತುಂಬಿಸಿ ತುಳಜಾಳಿಗೆ ಕೊಟ್ಟಳು. ಕೆಲವು ತಿಂಗಳ ನಂತರ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸಕ್ಕೆ ಕರೆದರು. ತುಳಜಾ ಕ್ರೀಡಾಪಟುಗಳ ಕೋಟಾದಲ್ಲಿ ಅರ್ಜಿ ಹಾಕಿ, ಓಟದ ಪರೀಕ್ಷೆಯಲ್ಲಿ ಓಡಿ, ಪಾಸಾದಳು. ಸುದ್ದಿ ಸಂತೆಗೆ ಬಂತು. ಮೊಣಕಾಲು ಹೋದ ಹುಡುಗಿ ಓಡಿದ್ದಾಳೆ. ಎಣ್ಣೆ ಯಾರದು?

ಅಲ್ಲಿಂದ ಗಿರಿಜಾಬಾಯಿಯ ಬಾಗಿಲಲ್ಲಿ ಜನ. ಅತ್ತಿವೇರಿಯಿಂದ ಬಂದರು, ಹಳಿಯಾಳದಿಂದ ಬಂದರು, ರಾಮನಗರದಿಂದ ಒಬ್ಬ ಲಾರಿ ಮಾಲೀಕ ತನ್ನ ತಾಯಿಯನ್ನು ಕರೆತಂದ. ಬಂದವರನ್ನು ಲಾಲಪ್ಪ ಸಾಲಾಗಿ ಕೂರಿಸುತ್ತಿದ್ದ. ಅವನಿಗೆ ಫ್ಲೆಕ್ಸಿನ ದಿನಗಳು ವಾಪಸು ಬಂದ ಹಾಗಿತ್ತು. ತುಳಜಾ ಒಂದೆರಡು ಸಲ ನಿಜ ಹೇಳಬೇಕೆಂದು ಹೋದಳು. ಸಾಲಿನಲ್ಲಿದ್ದವರು ಎದ್ದು ಅವಳ ಕಾಲು ನೋಡಿ ಕೈಮುಗಿದರು. ಅವಳು ವಾಪಸು ಬಂದಳು.

ಕೆಲಸಕ್ಕೆ ಹಾಜರಾಗಲು ವಾರವಿರುವಾಗ ತಾಂಡಾಕ್ಕೆ ಒಂದು ಕಾರು ಬಂತು. ಅದರಿಂದ ಸುಮಿತಾಳ ತಾಯಿ ಕಾಶೆವ್ವ ಇಳಿದಳು. ಹಿಂದೆ, ಕೋಲೂರಿಕೊಂಡು, ಸುಮಿತಾ. ಪಂದ್ಯದಲ್ಲಿ ಹಾರಿ ಇಳಿಯುವಾಗ ಅವಳ ಮೊಣಕಾಲು ತಿರುಚಿ ಒಳಗಿನ ಲಿಗಮೆಂಟು ಹರಿದಿತ್ತು. ಡಾಕ್ಟರು ಬೇಗ ಆಪರೇಷನ್ ಆಗಬೇಕೆಂದಿದ್ದರು. ಕಾಶೆವ್ವ ಒಪ್ಪಿರಲಿಲ್ಲ. ಮಗಳ ಕಾಲು ಕೊಯ್ಯಲು ಕೊಡುವವಳಲ್ಲ ಆಕೆ. ಮುಂಡಗೋಡದ ಎಣ್ಣೆಯ ಸುದ್ದಿ ಕೇಳಿ, ಹಟಹಿಡಿದು ಕರೆತಂದಿದ್ದಳು.

ತುಳಜಾಳನ್ನು ಕರೆಸಿದರು. ಸುಮಿತಾ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಮೊಣಕಾಲು ತೆಂಗಿನಕಾಯಿಯ ಹಾಗೆ ಊದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಗಿರಿಜಾಬಾಯಿ ಅಂಗೈಗೆ ಎಣ್ಣೆ ಸುರಿದುಕೊಂಡಳು.

"ನಿನ್ನ ಕಾಲ ಇದ ಎಣ್ಣಿಗೆ ನೆಟ್ಟಗಾತಲ್ಲವಾ?" ಎಂದು ಕಾಶೆವ್ವ ಕೇಳಿದಳು. "ನೀ ಒಂದ ಮಾತ ಹೇಳು, ನನ್ನ ಜೀವಕ್ಕ ಸಮಾಧಾನ ಆಗ್ಲಿ."

ತುಳಜಾ ಅಪ್ಪನ ಕಡೆ ನೋಡಿದಳು. ಅವನು ಕೆಮ್ಮಿದ. ಅವ್ವನ ಕಡೆ ನೋಡಿದಳು. ಆಕೆ ಸೆರಗು ಸರಿಮಾಡಿಕೊಂಡಳು. ಸಾಲಿನಲ್ಲಿ ಕೂತವರ ಕಡೆ ನೋಡಿದಳು. ಅವರೆಲ್ಲ ಅವಳ ಕಡೆಯೇ ನೋಡುತ್ತಿದ್ದರು.

"ನನ್ನ ಕಾಲಿಗೆ ಏನೂ ಆಗಿರಲಿಲ್ಲರೀ" ಎಂದಳು.

"ಅಂದ್ರ?"

"ನೋವೂ ಇರಲಿಲ್ಲ, ಏನೂ ಇರಲಿಲ್ಲ. ಸುಳ್ಳ ಕುಂಟಿದೆ. ನೀವು ಆಕಿನ್ನ ದವಾಖಾನಿಗೆ ಕರಕೊಂಡ ಹೋಗ್ರಿ. ಇವತ್ತ ಹೋಗ್ರಿ."

"ಮತ್ತ ನಿನ್ನ ಟೀಮಿನಿಂದ ಯಾಕ ತಗದ್ರು?"

"ಆಟ ಬರ್ತಿರಲಿಲ್ಲ ನನಗ."

ಗಿರಿಜಾಬಾಯಿಯ ಅಂಗೈಯಿಂದ ಎಣ್ಣೆ ಮಣ್ಣಿಗೆ ತೊಟ್ಟಿಕ್ಕಿತು. "ಮತ್ತ ನಾ ಕೊಟ್ಟ ಎಣ್ಣಿ ಏನ ಮಾಡಿದಿ?"

"ಎತ್ತಿಗೆ ಹಚ್ಚೀನಿ, ಕಾಕಿ."

"ಎತ್ತಿಗೆ ಹೆಂಗೈತಿ?"

"ಛಲೋ ಐತಿ."

ಆಗ ಸುಮಿತಾ ನಕ್ಕಳು. ಕಾಲು ನೋಯುತ್ತಿದ್ದರೂ ನಗು ತಡೆಯಲಾಗಲಿಲ್ಲ. "ನನಗ ಮೊದಲ ಅನುಮಾನ ಇತ್ತು ಬಿಡು. ನೀ ಯಾವತ್ತ ಅಷ್ಟ ಓಡಿದ್ದಿ, ಮೊಣಕಾಲ ಹೋಗಾಕ?"

ಲಾಲಪ್ಪ ಎದ್ದು ಹೊಲದ ಕಡೆ ನಡೆದುಬಿಟ್ಟ. ಕಾಶೆವ್ವ ಡ್ರೈವರನನ್ನು ಹುಡುಕಲು ಹೋದಳು. ತುಳಜಾ ಗೆಳತಿಯ ಪಕ್ಕದಲ್ಲಿ ಕೂತಳು. ಕೂತರೂ ಅವಳೇ ಎತ್ತರ.

"ಆವತ್ತ ಯಾಕ ವಾಪಸ್ ಕೊಟ್ಟಿ?" ಸುಮಿತಾ ಕೇಳಿದಳು.

"ನೀ ಛಲೋ ಹಾಕ್ತಿ ಅಂತ."

"ನನ್ನ ಮ್ಯಾಲ ಮೂರ ಮಂದಿ ಬಿದ್ದಿದ್ರು."

"ಹೌದು." ತುಳಜಾ ತನ್ನ ಕಾಲು ಮುಂದೆ ಚಾಚಿದಳು. "ಚೆಂಡ ಕೈಯಾಗ ಬಂತಂದ್ರ ನನ್ನ ಎದಿ ಹೊಡಕೋತಿತ್ತು, ಸುಮಿ. ಯಾರಿಗರೆ ಕೊಟ್ಟಬಿಟ್ರ ನಿಲ್ತಿತ್ತು. ಮೊದಲಿಂದನೂ ಹಂಗ."

"ಇಷ್ಟ ವರ್ಷ ಒಂದ ಕೋಣ್ಯಾಗ ಇದ್ವಿ. ಒಮ್ಮೆರೆ ಹೇಳಬಾರದಾಗಿತ್ತ?"

"ಹೇಳೂಣಂದ್ರ ಎಲ್ಲಾರೂ ಗೋಪುರ ಗೋಪುರ ಅಂತಿದ್ರು."

ಸುಮಿತಾ ಕೋಲನ್ನು ತುಳಜಾಳ ಕೈಗೆ ಕೊಟ್ಟು, ಅವಳ ಹೆಗಲು ಹಿಡಿಯಲು ನೋಡಿದಳು. ಎಟುಕಲಿಲ್ಲ. ಸೊಂಟ ಹಿಡಿದುಕೊಂಡು ಕಾರಿನವರೆಗೆ ಕುಂಟಿದಳು.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ತುಳಜಾ ಜೊತೆಗೆ ಹೋಗಿ, ಆಸ್ಪತ್ರೆಯ ಯಾವ ಮಂಚವೂ ಸಾಲದ ತನ್ನ ಉದ್ದವನ್ನು ನೆಲದ ಮೇಲೆ ಚಾಚಿ ನಾಲ್ಕು ದಿನ ಇದ್ದಳು. ಸುಮಿತಾ ಮುಂದಿನ ವರ್ಷ ಮತ್ತೆ ಆಡಿದಳು. ಮೊದಲಿನಷ್ಟು ಜಿಗಿತ ಬರಲಿಲ್ಲ. ಆದರೂ ಲೀಗಿನಲ್ಲಿ ಅವಳಿಗಿಂತ ಮೇಲೆ ಇಬ್ಬರೋ ಮೂವರೋ.

ಗಿರಿಜಾಬಾಯಿಯ ಸಾಲು ಒಂದು ವಾರ ಖಾಲಿಯಿತ್ತು. ಆಮೇಲೆ ಮತ್ತೆ ಜನ ಬಂದರು. ಈ ಸಲ ಎತ್ತುಗಳನ್ನೂ ಹೊಡೆದುಕೊಂಡು ಬಂದರು.

ಲಾಲಪ್ಪ ಮಗಳ ಜೊತೆ ಮಾತು ಬಿಟ್ಟಿದ್ದ. ಅವಳು ಜೋಯಿಡಾದ ಕಡೆ ಕೆಲಸಕ್ಕೆ ಹೊರಟ ದಿನ ಮಾತ್ರ, ಕರೆಯದಿದ್ದರೂ, ಟ್ರಂಕು ಹೊತ್ತು ಮುಂಡಗೋಡದ ಬಸ್‌ಸ್ಟ್ಯಾಂಡಿಗೆ ಬಂದ. ಉಳವಪ್ಪನ ಅಂಗಡಿಯಲ್ಲಿ ಇಬ್ಬರಿಗೂ ಚಹಾ ಬಂತು. ಉಳವಪ್ಪ ದನಿ ತಗ್ಗಿಸಿ ಕೇಳಿದ. "ಖರೇ ಹೇಳು ಲಾಲಪ್ಪ. ಮಗಳ ಕಾಲಿಗೆ ಏನಾಗಿತ್ತು?"

ಲಾಲಪ್ಪ ಚಹಾ ಮುಗಿಸಿದ, ಲೋಟ ಕೆಳಗಿಟ್ಟ. "ಕಾಲಿಗೆ ಏನೂ ಆಗಿಲ್ಲ. ಆಕಿಗೆ ಆಟ ಬರಲಿಲ್ಲ. ಅಷ್ಟ."

ಉಳವಪ್ಪ ಮರುಕದಿಂದ ಅವನ ಬೆನ್ನು ತಟ್ಟಿದ. ಅವನು ಒಂದಕ್ಷರವನ್ನೂ ನಂಬಲಿಲ್ಲ.

ದಾಂಡೇಲಿಯ ಬಸ್ಸು ಬಂತು. ತುಳಜಾ ಬಗ್ಗಿ ಹತ್ತಿ, ಕೊನೆಯ ಸೀಟಿನಲ್ಲಿ, ಕಾಲು ಚಾಚಲು ನಡುದಾರಿ ಇರುವ ಜಾಗದಲ್ಲಿ ಕೂತಳು. ಲಾಲಪ್ಪ ಕಿಟಕಿಯ ಹತ್ತಿರ ಬಂದು, ಅಲ್ಲಿ ಕಾಡಿನಲ್ಲಿ ಒಬ್ಬಳೇ ತಿರುಗಬೇಡ ಎಂದ. ಅದೇ ತನ್ನ ಕೆಲಸ ಎಂದಳು ತುಳಜಾ. ಬಸ್ಸು ಹಳಿಯಾಳ ದಾಟುವಷ್ಟರಲ್ಲಿ ಅವಳಿಗೆ ಗಾಢ ನಿದ್ದೆ ಹತ್ತಿತ್ತು.