ಭೂಮಿ ಅಲುಗಿದರೆ ಹೊರಗೆ ಬರಬೇಕು

ಮೇಜಿನ ಮೇಲಿದ್ದ ನೀರಿನ ಲೋಟ ತಾನಾಗಿಯೇ ಗಡಗಡ ಅಂದಾಗ ಗಿರಿಜಾದೇವಿ ಮೊದಲು ಅನುಮಾನಪಟ್ಟದ್ದು ತನ್ನ ಬಿಪಿಯ ಮೇಲೆ. ಆಮೇಲೆ ಕಿಟಕಿಯ ಗಾಜು ಅದುರಿತು, ಕೂತ ಕುರ್ಚಿಯನ್ನು ಯಾರೋ ಕೆಳಗಿನಿಂದ ದೂಡಿದ ಹಾಗಾಯಿತು. ನೆಲ ಆಗಾಗ ಅಲುಗುವ ಚಿಂಚೋಳಿ ತಾಲ್ಲೂಕಿನಲ್ಲಿ ಹುಟ್ಟಿದವರಿಗೆ ಇದೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಮೆರಿಕದ ಫೋರ್ಟ್ ಲೀ ಊರಿನ ಎತ್ತರದ ಕಟ್ಟಡವೊಂದರ ಹನ್ನೊಂದನೇ ಮಹಡಿಯಲ್ಲಿ ಅವಳು ಒಬ್ಬಳೇ ಇದ್ದಳು. ಕ್ರ್ಯಾನ್‌ಬರಿ ಎಂಬ ಊರಿನ ಔಷಧ ಕಂಪನಿಯೊಂದರ ಕೆಲಸ, ಬಹುಪಾಲು ಮನೆಯಿಂದಲೇ. ಮೀಟಿಂಗ್ ನಡೆದಿತ್ತು. ಪರದೆಯ ಮೇಲಿನ ಮುಖಗಳು "ನಿಮಗೂ ಗೊತ್ತಾಯಿತಾ?" ಎಂದು ಒಮ್ಮೆ ನಕ್ಕು, ಮುಂದಿನ ಸ್ಲೈಡಿಗೆ ಹೋದವು. ಇವರ ಧೈರ್ಯಕ್ಕೆ ಏನನ್ನೋಣ! ಗಿರಿಜಾ ಏನೋ ನೆಪ ಹೇಳಿ ಲ್ಯಾಪ್‌ಟಾಪ್ ಮುಚ್ಚಿದಳು.

ಅವಳ ಊರಿನ ಕಡೆ ಭೂಮಿ ಅಲುಗಿದರೆ ಓಣಿಗೆ ಓಣಿಯೇ ಹೊರಗೆ ಬರುತ್ತದೆ. ಮಾತು ಬಿಟ್ಟವರೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಯಾರದೋ ಮನೆಯ ಸ್ಟೌ ಅಂಗಳಕ್ಕೆ ಬರುತ್ತದೆ, ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಯುತ್ತದೆ. ಇನ್ನೊಮ್ಮೆ ಅಲುಗಿ ಸುಮ್ಮನಾಗುವ ತನಕ ಒಳಗೆ ಹೋಗುವ ಮಾತೇ ಇಲ್ಲ. ಹೆದರಿಕೆಗಿಂತ ಹರಟೆಯೇ ಜಾಸ್ತಿ.

ಆದ್ದರಿಂದ ಗಿರಿಜಾ ಫ್ಲಾಸ್ಕಿನ ತುಂಬ ಚಹಾ ಮಾಡಿಕೊಂಡು, ಪೇಪರ್ ಕಪ್ಪುಗಳನ್ನೂ ಚಾದರವನ್ನೂ ಹಿಡಿದು ಮೆಟ್ಟಿಲಿಳಿದಳು. ಜೀವ ಉಳಿಸಿಕೊಳ್ಳಲು ಓಡುವವಳು ಚಹಾ ಕುದಿಸುತ್ತ ನಿಂತಳೇ ಎಂದು ನಗಬೇಡಿ. ಅವಳಿಗೆ ಜೀವದ ಚಿಂತೆ ಅಷ್ಟಿರಲಿಲ್ಲ. ಇಲ್ಲಿಗೆ ಬಂದು ಎರಡು ಚಳಿಗಾಲ ಕಳೆದರೂ ಪಕ್ಕದ ಬಾಗಿಲಿನವರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಇವತ್ತಾದರೂ ಎಲ್ಲರೂ ಕೆಳಗೆ ಬರುತ್ತಾರೆ, ಯಾರ ಜೊತೆಗಾದರೂ ಕೂತು ಮಾತಾಡಬಹುದು ಎಂಬ ಆಸೆ ಅವಳನ್ನು ಕೆಳಗೆ ಎಳೆದು ತಂದಿತ್ತು.

ಕಟ್ಟಡದ ಮುಂದಿನ ಹುಲ್ಲಿನ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಚಾದರ ಹಾಸಿ ಕೂತಳು. ಎಷ್ಟೋ ಹೊತ್ತಿನ ಮೇಲೆ ನಾಲ್ಕನೇ ಮಹಡಿಯ ಶ್ಯಾಮ್ ಹೊರಗಿನಿಂದ ಬಂದ. ಮೈಸೂರಿನವನು, ಲಿಫ್ಟಿನಲ್ಲಿ ಸಿಕ್ಕಾಗ ನಮಸ್ಕಾರ ಹೇಳುವಷ್ಟು ಪರಿಚಯ.

"ಅಯ್ಯೋ ಆಂಟಿ, ಈ ಚಳೀಲಿ ಇಲ್ಲೇನ್ ಮಾಡ್ತಿದೀರಾ?"

"ಭೂಮಿ ಅಲುಗ್ತಲ್ಲಪಾ. ಇನ್ನೊಮ್ಮಿ ಅಲುಗ್ತದ, ನೋಡ್ತಿರು. ಕೂಡು, ಚಹಾ ಕುಡಿ."

"ಇಟ್ಸ್ ಓವರ್, ಆಂಟಿ. ಇಲ್ಲಿ ಬಿಲ್ಡಿಂಗ್ಸ್ ಎಲ್ಲ ಸ್ಟ್ರಾಂಗ್ ಇರುತ್ತೆ. ನಂಗೊಂದು ಕಾಲ್ ಇದೆ, ಅಟೆಂಡ್ ಮಾಡ್ಬೇಕು. ನೀವೂ ಒಳಗೆ ಹೋಗಿ, ಪ್ಲೀಸ್."

ಅವಳು ಬಗ್ಗಿಸಿಕೊಟ್ಟ ಚಹಾ ಹಿಡಿದುಕೊಂಡೇ ಅವನು ಒಳಗೆ ಹೋದ. ಒಳ್ಳೆಯ ಹುಡುಗ, ಬೈಯುವ ಹಾಗೂ ಇಲ್ಲ. ಮಿಕ್ಕ ಚಹಾ ಆರಿತು. ಅವಳು ಮೇಲೆ ಹೋಗಿ ಮತ್ತೆ ಕೆಲಸಕ್ಕೆ ಕೂತಳು.

ಸಂಜೆ ಇನ್ನೂ ಬೆಳಕಿರುವಾಗಲೇ ನೆಲ ಮತ್ತೊಮ್ಮೆ ಅದುರಿತು. ಗಿರಿಜಾಗೆ ಖುಷಿಯಾಯಿತು. ಭೂಕಂಪಕ್ಕೆ ಖುಷಿಪಡುವಷ್ಟು ಗತಿಗೆಟ್ಟೆನಾ ಎಂದು ನಾಚಿಕೆಯೂ ಆಯಿತು. ಆದರೂ ಚಪ್ಪಲಿ ಮೆಟ್ಟಿಕೊಂಡು ದಡದಡ ಇಳಿದಳು. ಎರಡೆರಡು ಸಲ ಆದ ಮೇಲೂ ಒಳಗೆ ಕೂತಾರೆಯೇ?

ಕೂತೇ ಇದ್ದರು. ಬಾಲ್ಕನಿಯೊಂದರಲ್ಲಿ ಗಂಡಹೆಂಡತಿ ಫೋನಿನಲ್ಲಿ ಯಾರಿಗೋ ಸುದ್ದಿ ಹೇಳಿ ನಕ್ಕು, ಒಳಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಊರಿಗೆ ಫೋನ್ ಮಾಡೋಣವೆಂದರೆ ಅಲ್ಲಿ ಯಾರಿಗೂ ಏನೂ ಅಲುಗಿರಲಿಲ್ಲವಲ್ಲ. ತನ್ನ ಜೊತೆ ಅಲುಗಿದವರು ಬೇಕಾಗಿತ್ತು ಅವಳಿಗೆ. ನಿಂತೇ ಇದ್ದಳು.

ಮುಂಬಾಗಿಲಿನ ಸಂಜೆ ಪಾಳಿಯ ಕಾವಲಿನವನು ಹೊರಗೆ ಬಂದ. ಸಂಜೆ ಹೊತ್ತು ಎಂದೂ ಕೆಳಗಿಳಿಯದವಳ ಮುಖ ಅವನಿಗೆ ಹೇಗೆ ಗೊತ್ತಿರಬೇಕು?

"ಯಾರಿಗಾದರೂ ಕಾಯುತ್ತಿದ್ದೀರಾ, ಮೇಡಂ?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ.

ಹೌದೆಂದು ತಲೆಯಾಡಿಸಿದಳು.

"ಯಾವ ಮನೆ? ಹೇಳಿ, ಒಳಗಿನಿಂದ ಫೋನ್ ಮಾಡಿ ಕೆಳಗೆ ಕರೆಸುತ್ತೇನೆ."

ಯಾವ ಮನೆ ಹೇಳುವುದು? ಯಾರನ್ನು ಕರೆಸುವುದು? ಇಷ್ಟು ದೊಡ್ಡ ಕಟ್ಟಡದಲ್ಲಿ ಅವಳ ಬಾಯಿಗೆ ಬಂದದ್ದು ಒಂದೇ ಹೆಸರು.

"ಹನ್ನೊಂದು ಸಿ. ಗಿರಿಜಾದೇವಿ."

ಅವನು ಒಳಗೆ ಹೋಗಿ ರಿಸೀವರ್ ಎತ್ತಿದ. ಕಿವಿಗೆ ಹಿಡಿದು ತುಂಬ ಹೊತ್ತು ಕಾದದ್ದು, ಇಟ್ಟು ಮತ್ತೊಮ್ಮೆ ಒತ್ತಿದ್ದು ಗಾಜಿನಾಚೆಯಿಂದ ಅವಳಿಗೆ ಕಾಣಿಸುತ್ತಿತ್ತು. ಕೊನೆಗೆ ಬಂದು, ತಾನೇ ತಪ್ಪು ಮಾಡಿದವನಂತೆ ಹೇಳಿದ.

"ಕ್ಷಮಿಸಿ ಮೇಡಂ. ಆ ಮನೆಯಲ್ಲಿ ಯಾರೂ ಇಲ್ಲ."